ಸಂಶಯದ ಭಾರ ಯಾರ ಹೆಗಲಿಗೆ?

ಬನದ ಹುಣ್ಣಿಮೆ ಬಂತೆಂದರೆ ಚೊಳಚಗುಡ್ಡದ ಬನಶಂಕರಿ ಗುಡಿಯ ಸುತ್ತ ನಾಟಕ ಕಂಪನಿಗಳ ಡೇರೆಗಳು ಏಳುತ್ತವೆ. ಅಂಥ ಒಂದು ಡೇರೆಯ ಮುಂದಿನ ಸಾಲಿನಲ್ಲಿ ಕುಳಿತ ಒಬ್ಬ ಮಾಜಿ ಸೈನಿಕನನ್ನು ಕಲ್ಪಿಸಿಕೊಳ್ಳಿ. ಮುಂದೆ ಕುಳಿತದ್ದು ಪ್ರತಿಷ್ಠೆಗಲ್ಲ, ಅವನ ಎಡಗಿವಿ ಕೇಳುವುದಿಲ್ಲ. ಹತ್ತೊಂಬತ್ತನೆಯ ವಯಸ್ಸಿಗೆ ಸೇನೆ ಸೇರಿ, ಹದಿನೇಳು ವರ್ಷ ಫಿರಂಗಿಗಳ ಪಕ್ಕದಲ್ಲಿ ನಿಂತು, ಮರಳುಗಾಡು, ಹಿಮ, ಗಡಿ ಎಲ್ಲ ಕಂಡು ಊರಿಗೆ ಮರಳಿದವನು. ಬರುವಾಗ ಎರಡು ಕಾಯಿಲೆಗಳನ್ನು ತಂದಿದ್ದಾನೆ: ಒಂದು ಕಿವುಡು, ಇನ್ನೊಂದು ರಕ್ತದೊತ್ತಡ. ಬಿಡುಗಡೆಗೆ ಮುನ್ನ ಅವನನ್ನು ಪರೀಕ್ಷಿಸಿದ ವೈದ್ಯಕೀಯ ಮಂಡಳಿ ಕಿವುಡನ್ನು ಸೇವೆಯ ಲೆಕ್ಕಕ್ಕೆ ಹಾಕಿತು. ರಕ್ತದೊತ್ತಡದ ಮುಂದೆ ಮಾತ್ರ, ಇದು ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ ಎಂದು ಷರಾ ಬರೆಯಿತು.

ಇಂಗ್ಲಿಷಿನಲ್ಲಿ ಈ ಷರಾದ ನಾಲ್ಕು ಮುಖ್ಯ ಪದಗಳ ಮೊದಲಕ್ಷರಗಳನ್ನು ಕೂಡಿಸಿದರೆ ‘ನಾನಾ’ ಎಂದಾಗುತ್ತದೆ. ಸೇನೆಯ ವೈದ್ಯಕೀಯ ಕಡತಗಳಲ್ಲಿ, ನ್ಯಾಯಾಲಯಗಳ ಆದೇಶಗಳಲ್ಲಿ ಇದು ಬಳಕೆಯ ಮಾತು. ಕನ್ನಡದ ಕಿವಿಗೆ ಅದು ಇನ್ನೊಂದು ಬಗೆಯಲ್ಲಿ ಕೇಳಿಸುತ್ತದೆ. ‘ಇದಕ್ಕೆ ಕಾರಣ ನಾನಾ?’ ಎಂದು ಸರ್ಕಾರ ಕೇಳಿದಂತೆ. ‘ಹಾಗಾದರೆ ನಾನಾ?’ ಎಂದು ಸೈನಿಕ ತನ್ನನ್ನೇ ಕೇಳಿಕೊಂಡಂತೆ.

ಒಂದು ನೋವು ಎಲ್ಲಿಂದ ಬಂತೆಂದು ಖಚಿತವಾಗಿ ಹೇಳಲು ಯಾರಿಗೂ ಆಗದಿದ್ದಾಗ, ಆ ತಿಳಿಯದಿರುವಿಕೆಯ ನಷ್ಟವನ್ನು ಯಾರು ಹೊರಬೇಕು? ಮೇಲುನೋಟಕ್ಕೆ ಇದು ಪಿಂಚಣಿಯ ಪ್ರಶ್ನೆ. ಒಳಗೆ ಇಳಿದರೆ ನ್ಯಾಯದ ಅತಿ ಹಳೆಯ ಪ್ರಶ್ನೆಗಳಲ್ಲಿ ಒಂದು.

ಕನ್ನಡ ನಾಡು ಯೋಧನ ಋಣವನ್ನು ಬರೆದಿಡುವುದರಲ್ಲಿ ಹೊಸಬ ನಾಡಲ್ಲ. ನಮ್ಮ ಊರೂರಿನ ವೀರಗಲ್ಲುಗಳು ಒಂದರ್ಥದಲ್ಲಿ ಪ್ರಮಾಣಪತ್ರಗಳೇ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಸಾವು ಹೇಗಾಯಿತು, ಯಾರಿಗಾಗಿ ಆಯಿತು ಎಂಬುದು ಕಲ್ಲಿನಲ್ಲೇ ಇರುತ್ತದೆ. ಮಡಿದವನ ಮನೆಯವರಿಗೆ ಕೊಟ್ಟ ಭೂಮಿಗೆ ‘ನೆತ್ತರುಗೊಡಗೆ’ ಎಂಬ ಹೆಸರಿತ್ತು. ನೆತ್ತರಿಗೆ ಪ್ರತಿಯಾಗಿ ಕೊಡುಗೆ. ನಡುವೆ ಯಾವ ಅರ್ಜಿಯೂ ಇಲ್ಲ. ಆತಕೂರಿನ ಶಾಸನವನ್ನು ಓದಿದವರಿಗೆ ಮಣಲೆರನ ಕಥೆ ಗೊತ್ತಿರುತ್ತದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ 949ರಲ್ಲಿ ತಕ್ಕೋಲದಲ್ಲಿ ಯುದ್ಧ ನಡೆಯಿತು. ಅಲ್ಲಿ ಕಾದಿದ ಮಣಲೆರನಿಗೆ ಗಂಗರ ಬೂತುಗ ಕೊಟ್ಟದ್ದು ‘ಬಾಳ್ಗಚ್ಚು’, ಅಂದರೆ ಕತ್ತಿ ತೊಳೆದ ಕೊಡುಗೆ. ಅದೇ ಕಲ್ಲಿನಲ್ಲಿ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೂ ಸ್ಮಾರಕವಿದೆ.

ಆ ಕಾಲದ ನ್ಯಾಯವೇ ಚೆನ್ನಾಗಿತ್ತು ಎಂದು ಹೇಳಲು ಇದನ್ನು ನೆನೆಯುತ್ತಿಲ್ಲ. ಅಂದು ರುಜುವಾತು ಸುಲಭವಾಗಿದ್ದುದಕ್ಕೆ ಕಾರಣವಿತ್ತು. ಕೊಡುವವನೂ ಕಾದಿದವನೂ ಒಂದೇ ರಣದಲ್ಲಿದ್ದರು. ಒಡೆಯನ ಕಣ್ಣೇ ಸಾಕ್ಷಿ. ಜೊತೆಗೆ, ಕಲ್ಲಿಗೆ ಏರಿದವರಲ್ಲಿ ಬಹುಪಾಲು ಸತ್ತವರು. ಕಾಳಗದಿಂದ ಮರಳಿ ಬಂದು, ಹತ್ತು ವರ್ಷದ ಮೇಲೆ ರಾತ್ರಿ ನಿದ್ದೆ ಬಾರದೆ ಹೊರಳಿದವನಿಗೆ ಯಾವ ಕಲ್ಲಿದೆ?

ಇಂದಿಗೂ ನಮ್ಮ ಗೌರವ ಹರಿಯುವುದು ಇದೇ ದಿಕ್ಕಿನಲ್ಲಿ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನಲ್ಲಿ ಹಿಮಕುಸಿತವಾಗಿ ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಸಿಲುಕಿದರು. ಆರು ದಿನಗಳ ನಂತರ ಜೀವಂತವಾಗಿ ಸಿಕ್ಕ ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಫೆಬ್ರುವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಇಡೀ ನಾಡು ಅತ್ತಿತು. ಅವರ ಸಾವಿಗೂ ಸೇವೆಗೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಅದೇ ಹಿಮನದಿಯಲ್ಲಿ ಕಾವಲು ಕಾಯ್ದು, ಅಪಸ್ಮಾರ ಹಿಡಿದು, 1989ರಲ್ಲಿ ಸೇನೆಯಿಂದ ಹೊರಬಿದ್ದ ಇನ್ನೊಬ್ಬ ಸೈನಿಕನ ಪಿಂಚಣಿಯ ಹಕ್ಕನ್ನು ಸುಪ್ರೀಂ ಕೋರ್ಟು ಎತ್ತಿಹಿಡಿದದ್ದು 2025ರ ಏಪ್ರಿಲ್‌ನಲ್ಲಿ. ಹಿಮ ಒಂದೇ. ಒಬ್ಬರನ್ನು ಅದು ಎಲ್ಲರ ಕಣ್ಣೆದುರು ಮುಚ್ಚಿತು, ಇನ್ನೊಬ್ಬರೊಳಗೆ ಯಾರಿಗೂ ಕಾಣದಂತೆ ಹೊಕ್ಕಿತು. ಕಾಣದ್ದನ್ನು ತೋರಿಸಲು ಮೂವತ್ತಾರು ವರ್ಷ ಹಿಡಿಯಿತು.

ಇಲ್ಲಿ ಮೂರು ಪ್ರಶ್ನೆಗಳು ಒಂದರೊಳಗೊಂದು ಹೆಣೆದುಕೊಂಡಿವೆ, ಅವನ್ನು ಬಿಡಿಸಿ ನೋಡಬೇಕು. ಕಾಯಿಲೆಗೆ ನಿಜವಾದ ಕಾರಣವೇನು? ಆ ಕಾರಣವನ್ನು ನಾವು ತಿಳಿಯಬಲ್ಲೆವೆ? ತಿಳಿಯಲಾಗದಿದ್ದರೆ ಯಾರ ಪರವಾಗಿ ತೀರ್ಮಾನಿಸಬೇಕು? ಮೊದಲನೆಯದು ಪ್ರಕೃತಿಯ ಪ್ರಶ್ನೆ, ಎರಡನೆಯದು ಜ್ಞಾನದ ಪ್ರಶ್ನೆ, ಮೂರನೆಯದು ನೀತಿಯ ಪ್ರಶ್ನೆ. ಕಚೇರಿಗಳಲ್ಲಿ ಆಗುವ ಅನ್ಯಾಯದ ಮೂಲವೆಂದರೆ, ಮೂರನೆಯ ಪ್ರಶ್ನೆಗೆ ಕೊಟ್ಟ ಉತ್ತರವನ್ನು ಮೊದಲನೆಯದರ ಉತ್ತರವೆಂಬಂತೆ ಬರೆಯುವುದು. ‘ಗೊತ್ತಿಲ್ಲ’ ಎಂಬುದು ಕಾಗದದ ಮೇಲೆ ‘ಅಲ್ಲ’ ಎಂದಾಗುತ್ತದೆ.

ಕಾರಣ ಎಂಬುದೇ ಸರಳವಾದ ವಸ್ತುವಲ್ಲ. ಎರೆಹೊಲದಲ್ಲಿ ಜೋಳದ ತೆನೆ ತೂಗುತ್ತಿದ್ದರೆ ಅದಕ್ಕೆ ಕಾರಣ ಬೀಜವೋ, ಮಣ್ಣೋ, ಹಿಂಗಾರು ಮಳೆಯೋ? ಬೀಜವೆನ್ನುವವನದು ಸುಳ್ಳಲ್ಲ. ಆದರೆ ಅದೇ ಬೀಜ ಬಂಡೆಯ ಮೇಲೆ ಬಿದ್ದಿದ್ದರೆ ಒಣಗುತ್ತಿತ್ತು. ಮೇಲೆ ಕಲ್ಪಿಸಿಕೊಂಡ ಸೈನಿಕನ ತಂದೆಗೂ ರಕ್ತದೊತ್ತಡ ಇದ್ದಿರಬಹುದು, ಅದು ಬೀಜ. ವರ್ಷಗಟ್ಟಲೆ ಅರೆನಿದ್ದೆ, ಉಪ್ಪು ಹೆಚ್ಚಾದ ಡಬ್ಬಿಯೂಟ, ಮನೆಯಲ್ಲಿ ಏನಾಗಿದೆಯೋ ಎಂಬ ಚಿಂತೆ, ಯಾವ ಗಳಿಗೆಯಲ್ಲಿ ಏನು ಬಂದು ಬೀಳುತ್ತದೋ ಎಂಬ ಎಚ್ಚರ. ಇವು ಮಣ್ಣು ಮತ್ತು ಮಳೆ. ನಮ್ಮ ನಿಯಮಗಳು ಇದನ್ನು ಅರಿಯದೆ ರಚಿತವಾದವಲ್ಲ. ಸೇವೆಯಿಂದ ‘ಬಂದದ್ದು’ ಮಾತ್ರವಲ್ಲ, ಸೇವೆಯಿಂದ ‘ಉಲ್ಬಣಿಸಿದ್ದು’ ಕೂಡ ಲೆಕ್ಕಕ್ಕೆ ಬರುತ್ತದೆ ಎಂದು ಅವು ಹೇಳುತ್ತವೆ. ಬೀಜ ನಿನ್ನದೇ ಆಗಿದ್ದರೂ ನೀರೆರೆದವರು ನಾವಾದರೆ ಹೊಣೆ ನಮ್ಮದೂ ಹೌದು ಎಂಬ ಒಪ್ಪಿಗೆ ಅದರಲ್ಲಿದೆ.

ಈ ನಿಯಮಗಳ ಪೈಕಿ ಬಹಳ ಚರ್ಚೆಯಾದದ್ದು 1982ರದು. ಅದರ ತಿರುಳು ಹೀಗೆ. ಸೇರುವಾಗ ಕಾಯಿಲೆಯ ಬಗ್ಗೆ ಏನೂ ನಮೂದಾಗಿರದಿದ್ದರೆ ಆ ವ್ಯಕ್ತಿ ಆರೋಗ್ಯವಂತನಾಗಿದ್ದನೆಂದೇ ತಿಳಿಯಬೇಕು. ಆಮೇಲೆ ವೈದ್ಯಕೀಯ ಕಾರಣಕ್ಕೆ ಅವನನ್ನು ಬಿಡುಗಡೆ ಮಾಡಿದರೆ ಆರೋಗ್ಯ ಕೆಟ್ಟದ್ದು ಸೇವೆಯಿಂದ ಎಂದು ಭಾವಿಸಬೇಕು. ತನ್ನ ಹಕ್ಕನ್ನು ರುಜುವಾತುಪಡಿಸು ಎಂದು ಅವನನ್ನು ಕೇಳಕೂಡದು. ಸಕಾರಣವಾದ ಸಂಶಯವಿದ್ದರೆ ಅದರ ಲಾಭ ಅವನಿಗೇ ಸಿಗಬೇಕು. ಕಾಯಿಲೆಯನ್ನು ಸೇರ್ಪಡೆಯ ಹೊತ್ತಿನ ತಪಾಸಣೆಯಲ್ಲಿ ಕಂಡುಹಿಡಿಯಲು ಸಾಧ್ಯವಿರಲಿಲ್ಲ ಎಂದು ವೈದ್ಯರು ಹೇಳುವುದಾದರೆ ಕಾರಣ ಬರೆದು ಹೇಳಬೇಕು.

ಇಷ್ಟು ಸ್ಪಷ್ಟವಾಗಿದ್ದರೂ ಈ ಮಾತು ನಡತೆಗೆ ಇಳಿಯಲು ಸುಪ್ರೀಂ ಕೋರ್ಟಿನ ತನಕ ಹೋಗಬೇಕಾಯಿತು. ಧರಮ್‌ವೀರ್ ಸಿಂಗ್ ಪ್ರಕರಣದ ಸೈನಿಕ 1985ರಲ್ಲಿ ಸಿಗ್ನಲ್ಸ್ ದಳ ಸೇರಿ 1994ರಲ್ಲಿ ಅಪಸ್ಮಾರದಿಂದಾಗಿ ಬಿಡುಗಡೆಯಾದವರು. ಶೇ. 20ರಷ್ಟು ವೈಕಲ್ಯ. ಇದು ಹುಟ್ಟುಗುಣದ ದೋಷ, ಸೇವೆಗೆ ಸಂಬಂಧವಿಲ್ಲ ಎಂದು ಮಂಡಳಿ ಬರೆದಿತ್ತು. ಹಾಗೆನ್ನಲು ಆಧಾರವೇನೆಂದು ಬರೆದಿರಲಿಲ್ಲ. ಹೈಕೋರ್ಟಿನ ಏಕಸದಸ್ಯ ಪೀಠದಲ್ಲಿ ಗೆದ್ದು, ವಿಭಾಗೀಯ ಪೀಠದಲ್ಲಿ ಸೋತು, ಕೊನೆಗೆ 2013ರ ಜುಲೈನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಆಮೇಲಿನ ವರ್ಷಗಳಲ್ಲಿ ಎಷ್ಟೋ ಸೈನಿಕರು ಊರಿದ ಕೋಲು ಈ ತೀರ್ಪು. ಒಬ್ಬ ಮನುಷ್ಯ ರುಜುವಾತು ಕೊಡಬೇಕಾಗಿಲ್ಲ ಎಂಬುದನ್ನು ರುಜುವಾತು ಮಾಡಲು ಹತ್ತೊಂಬತ್ತು ವರ್ಷ ತೆಗೆದುಕೊಂಡ ಎಂಬ ವಿಪರ್ಯಾಸವೂ ಅದರಲ್ಲಿದೆ.

ಸಂಶಯದ ಲಾಭ ಸೈನಿಕನಿಗೆ ಏಕೆ ಸಿಗಬೇಕು? ‘ದೇಶಕ್ಕಾಗಿ ದುಡಿದವನು’ ಎಂಬ ಉತ್ತರ ಸಾಲದು. ಕೃತಜ್ಞತೆಯಿಂದ ಕೊಡುವುದು ದಾನ. ಕೊಡುವವರ ಮನಸ್ಸು ಬದಲಾದರೆ ಅದೂ ಬದಲಾಗುತ್ತದೆ. ಹಕ್ಕಿಗೆ ಇನ್ನೂ ಗಟ್ಟಿಯಾದ ನೆಲ ಬೇಕು. ಅಂಥ ನೆಲ ಇದೆ.

ಮೊದಲನೆಯದಾಗಿ, ಈ ದೇಹವನ್ನು ಆಯ್ದುಕೊಂಡವರು ಸೇನೆಯವರೇ. ಎದೆಯಳತೆ, ಕಣ್ಣು, ಕಿವಿ, ಹಲ್ಲು, ಅಂಗಾಲು ಎಲ್ಲ ನೋಡಿ, ಬೇಡವಾದವರನ್ನು ವಾಪಸು ಕಳಿಸಿ, ಇವನು ಸರಿ ಎಂದು ಬರೆದುಕೊಂಡವರು. ಸಂತೆಯಲ್ಲಿ ಎತ್ತು ಕೊಳ್ಳುವವನು ಹಲ್ಲು ನೋಡಿ, ನಡೆಸಿ, ಉಳುಮೆಗೆ ಹೂಡಿ, ಹದಿನೇಳು ವರ್ಷದ ಮೇಲೆ ‘ಇದಕ್ಕೆ ಮೊದಲೇ ಕುಂಟಿತ್ತು’ ಎಂದರೆ ಊರವರು ಏನೆನ್ನುತ್ತಾರೆ?

ಎರಡನೆಯದಾಗಿ, ಸೇವೆಯಲ್ಲಿದ್ದಷ್ಟು ಕಾಲ ಆ ದೇಹ ಅವನ ಸ್ವಾಧೀನದಲ್ಲಿ ಇರಲಿಲ್ಲ. ಎಲ್ಲಿ ಮಲಗಬೇಕು, ಏನು ಉಣ್ಣಬೇಕು, ಎಷ್ಟು ಎತ್ತರ ಏರಬೇಕು, ಹೆಂಡತಿಯ ಹೆರಿಗೆಗೆ ಊರಿಗೆ ಹೋಗಬಹುದೋ ಇಲ್ಲವೋ, ಎಲ್ಲವೂ ಆಜ್ಞೆಯಂತೆ. ಬೇರೆ ಕೆಲಸಗಾರರು ‘ಇವತ್ತು ಮೈ ಸರಿಯಿಲ್ಲ, ಬರೋದಿಲ್ಲ’ ಎನ್ನಬಹುದು. ಸೈನಿಕನಿಗೆ ಆ ಮಾತು ಸುಲಭವಲ್ಲ. ಸಿಕ್ ರಿಪೋರ್ಟಿಗೆ ಪದೇ ಪದೇ ಹೋಗುವವನ ಕಡೆ ಜೊತೆಗಾರರು ನೋಡುವ ನೋಟವೇ ಬೇರೆ. ನೋವನ್ನು ನುಂಗುವುದೇ ಅಲ್ಲಿ ಕಲಿಸುವ ಮೊದಲ ಪಾಠ. ಆ ಪಾಠವನ್ನು ಚೆನ್ನಾಗಿ ಕಲಿತವನ ಕಡತದಲ್ಲಿ ನೋವಿನ ದಾಖಲೆ ಕಡಿಮೆ ಇರುತ್ತದೆ. ಬಿಡುಗಡೆಯ ದಿನ ಅದೇ ಖಾಲಿ ಪುಟ ಅವನ ವಿರುದ್ಧ ಸಾಕ್ಷಿಯಾಗುತ್ತದೆ. ಅವನ ಸದ್ಗುಣವನ್ನೇ ಅವನ ಎದುರು ನಿಲ್ಲಿಸುವ ಈ ರೀತಿಯನ್ನು ಯಾವ ನೀತಿಯೂ ಸಮರ್ಥಿಸಲಾರದು.

ಮೂರನೆಯದಾಗಿ, ಲೇಖನಿ ಇರುವುದು ಸರ್ಕಾರದ ಕೈಯಲ್ಲಿ. ಎಲ್ಲಿ ನಿಯೋಜಿಸಿದರು, ಎಷ್ಟು ದಿನ ಆಸ್ಪತ್ರೆಯಲ್ಲಿದ್ದ, ಯಾವ ವೈದ್ಯ ಏನು ಬರೆದ, ಎಲ್ಲ ದಾಖಲೆಗಳನ್ನು ಬರೆಯುವವರೂ ಇಟ್ಟುಕೊಳ್ಳುವವರೂ ಅವರೇ. ದಾಖಲೆ ಯಾರ ಬೀಗದೊಳಗಿದೆಯೋ, ದಾಖಲೆ ಇಲ್ಲದಿರುವುದರ ಹೊಣೆಯೂ ಅವರದಾಗಬೇಕು. ಎಷ್ಟು ಅಧಿಕಾರವೋ ಅಷ್ಟು ಸಂಶಯದ ಭಾರ. ಈ ಲೇಖನದ ವಾದ ಒಟ್ಟಾರೆ ಇಷ್ಟೇ.

ಇದಕ್ಕೆ ಆಕ್ಷೇಪಗಳಿವೆ, ಅವು ಹಗುರವಾದವಲ್ಲ. ಹದಿನೇಳೋ ಇಪ್ಪತ್ತೋ ವರ್ಷದಲ್ಲಿ ಯಾವ ಮನುಷ್ಯನಿಗೆ ಒಂದು ಕಾಯಿಲೆ ಬಾರದು? ಊರಲ್ಲೇ ಉಳಿದ ಅಣ್ಣನಿಗೂ ಸಕ್ಕರೆ ಕಾಯಿಲೆ ಬಂದಿಲ್ಲವೇ? ಶಾಂತಿ ಪ್ರದೇಶದ ಕಚೇರಿಯಲ್ಲಿ ಕುಳಿತವರ ರಕ್ತದೊತ್ತಡವನ್ನೂ ನೆಲಬಾಂಬಿಗೆ ಕಾಲು ಕಳೆದುಕೊಂಡವನ ಗಾಯವನ್ನೂ ಒಂದೇ ಹೆಸರಿನಿಂದ ಕರೆದರೆ ಕಾಲು ಕಳೆದುಕೊಂಡವನಿಗೆ ಅವಮಾನವಲ್ಲವೇ? ದುಡ್ಡು ಜನರದ್ದು. ಶೇ. 100 ವೈಕಲ್ಯಕ್ಕೆ ಕೊನೆಯ ವೇತನದ ಶೇ. 30ರಷ್ಟು ಸಿಗುತ್ತದೆ, ಶೇ. 50ಕ್ಕಿಂತ ಕಡಿಮೆ ಇರುವ ವೈಕಲ್ಯವನ್ನು 50 ಎಂದೇ ಎಣಿಸುವ ಪದ್ಧತಿ 1996ರಿಂದ ಲೆಕ್ಕಕ್ಕಿದೆ. ಇಷ್ಟಿರುವಾಗ ದುರುಪಯೋಗದ ಆಸೆಯೂ ಹುಟ್ಟುತ್ತದೆ. 2023ರ ಸೆಪ್ಟೆಂಬರಿನಲ್ಲಿ ಹೊಸ ನಿಯಮಗಳು ಬಂದಾಗ ನಡೆದ ಜಗಳ ಬಹುಮಟ್ಟಿಗೆ ಇದೇ: ಜೀವನಶೈಲಿಯ ಕಾಯಿಲೆ ಎಂದು ಕರೆಯುವುದನ್ನು ಸೇವೆಯ ಲೆಕ್ಕಕ್ಕೆ ಎಷ್ಟರಮಟ್ಟಿಗೆ ಹಾಕಬೇಕು ಎಂಬುದು.

ಈ ಆಕ್ಷೇಪಗಳಲ್ಲಿ ನಿಜವಿದೆ. ಆದರೆ ಅವು ಹೇಳುವುದು, ಕೆಲವು ಕೋರಿಕೆಗಳು ನಿಲ್ಲಲಾರವು ಎಂದಷ್ಟೇ. ಎಲ್ಲ ಕೋರಿಕೆಗಳನ್ನೂ ಅನುಮಾನದಿಂದ ಆರಂಭಿಸಬೇಕು ಎಂದಲ್ಲ. ಸೈನಿಕನ ಪರವಾದ ಪೂರ್ವಭಾವನೆ ಬಾಗಿಲಿಗೆ ಹಾಕಿದ ಕೀಲಿಯಲ್ಲ; ಅದನ್ನು ತೆರೆಯಬಹುದು, ಕಾರಣ ಕೊಟ್ಟು. ಕಾನೂನು ಓದುವ ವಿದ್ಯಾರ್ಥಿಗಳಿಗೆ 1947ರ ಮಿಲ್ಲರ್ ಪ್ರಕರಣ ಗೊತ್ತು. ಸಕಾರಣ ಸಂಶಯಕ್ಕೆ ಎಡೆಯಿಲ್ಲದ ರುಜುವಾತು ಅಂದರೆ ಸಂಶಯದ ನೆರಳೂ ಇಲ್ಲದ ರುಜುವಾತಲ್ಲ ಎಂದು ಡೆನ್ನಿಂಗ್ ವಿವರಿಸಿದ್ದು ಅಲ್ಲೇ. ಕೊಲೆ ಮೊಕದ್ದಮೆಗಳಲ್ಲಿ ಉದ್ಧರಿಸುವ ಈ ಮಾತು ಹುಟ್ಟಿದ್ದು ಒಬ್ಬ ಸೈನಿಕನ ವಿಧವೆಯ ಪಿಂಚಣಿ ಅರ್ಜಿಯಲ್ಲಿ ಎಂಬುದನ್ನು ಮಾತ್ರ ನಾವು ಮರೆತುಬಿಡುತ್ತೇವೆ. ಬ್ರಿಟನ್ 1943ರಲ್ಲಿ ರುಜುವಾತಿನ ಭಾರವನ್ನು ಸೈನಿಕನಿಂದ ಸರ್ಕಾರಕ್ಕೆ ದಾಟಿಸಿತ್ತು. ಆದರೂ ಅನ್ನನಾಳದ ಕ್ಯಾನ್ಸರಿನಿಂದ ಸತ್ತ ಆ ಸೈನಿಕನ ಹೆಂಡತಿ ಸೋತಳು. ವೈದ್ಯಕೀಯ ಸಾಕ್ಷ್ಯ ಆಕೆಯ ಪರವಾಗಿರಲಿಲ್ಲ. ಭಾರ ಸರ್ಕಾರದ ಮೇಲಿದ್ದರೆ ಸೈನಿಕ ಸದಾ ಗೆಲ್ಲುತ್ತಾನೆ ಎಂಬ ಭಯಕ್ಕೆ ಇದೇ ಉತ್ತರ.

ನಮ್ಮಲ್ಲೂ ಹಾಗೆಯೇ. 2019ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಸೇರುವಾಗ ಕಾಯಿಲೆ ಕಾಣಲಿಲ್ಲ ಎಂಬುದೊಂದೇ ಸಾಲದು ಎಂದು ಸ್ಕಿಜೋಫ್ರೇನಿಯಾದಿಂದ ಬಳಲಿದ ಸೈನಿಕನೊಬ್ಬನ ಕೋರಿಕೆಯನ್ನು ಒಪ್ಪಲಿಲ್ಲ. ಅದೇ ಕಾಯಿಲೆಯ ಇನ್ನೊಬ್ಬ ಸೈನಿಕನ ಪ್ರಕರಣದಲ್ಲಿ, 2025ರ ಮೇ ತಿಂಗಳಲ್ಲಿ, ಕಾರಣವಿಲ್ಲದೆ ಬರೆದ ವೈದ್ಯಕೀಯ ಅಭಿಪ್ರಾಯದ ಮೇಲೆ ಪಿಂಚಣಿ ನಿರಾಕರಿಸಲಾಗದು ಎಂದಿತು. ಕಾಯಿಲೆ ಒಂದೇ, ಫಲ ಬೇರೆ. ಎರಡನ್ನೂ ಜೊತೆಗಿಟ್ಟು ಓದಿದರೆ ಒಂದು ಹದ ಕಾಣುತ್ತದೆ: ಇಲ್ಲವೆನ್ನುವ ಅಧಿಕಾರ ಸರ್ಕಾರಕ್ಕೆ ಇದೆ, ಏಕೆ ಇಲ್ಲವೆಂದು ಹೇಳದಿರುವ ಅಧಿಕಾರ ಇಲ್ಲ.

ಕಾರಣ ಕೊಡುವುದು ಬರೀ ಕಾನೂನಿನ ಶಿಷ್ಟಾಚಾರವಲ್ಲ. ‘ನಿನ್ನ ತಂದೆಗೂ ಇದಿತ್ತು, ನೀನು ಎತ್ತರದ ಪ್ರದೇಶಕ್ಕೆ ಹೋಗಿಲ್ಲ, ಕಾಯಿಲೆ ಶುರುವಾಗುವ ಮೊದಲ ವರ್ಷಗಳಲ್ಲಿ ಒತ್ತಡದ ಕೆಲಸ ಇರಲಿಲ್ಲ, ಆದ್ದರಿಂದ ಒಪ್ಪಲಾಗದು’ ಎಂದು ಬರೆದುಕೊಟ್ಟರೆ ಸೈನಿಕನಿಗೆ ಬೇಸರವಾಗಬಹುದು, ಆದರೆ ತನ್ನನ್ನು ಯಾರೋ ನೋಡಿದ್ದಾರೆ ಎಂದು ತಿಳಿಯುತ್ತದೆ. ಅವನು ವಾದಿಸಬಹುದು, ತಪ್ಪು ತೋರಿಸಬಹುದು. ‘ನಾನಾ’ ಎಂಬ ಷರಾದ ಜೊತೆ ವಾದ ಮಾಡುವುದು ಹೇಗೆ? ಅದು ಗೋಡೆ.

ಇನ್ನೂ ಕಠಿಣವಾದ ಆಕ್ಷೇಪ ಸೇನೆಯ ಹೊರಗಿನಿಂದ ಬರುತ್ತದೆ. ಚೊಳಚಗುಡ್ಡದಿಂದ ಅಷ್ಟೇನೂ ದೂರವಲ್ಲದ ಇಳಕಲ್ಲಿನ ಕೆಂಪು ಗ್ರಾನೈಟ್ ಕ್ವಾರಿಗಳಲ್ಲಿ ಕಲ್ಲಿನ ದೂಳು ಕುಡಿದವನ ಶ್ವಾಸಕೋಶಕ್ಕೆ ಯಾರು ಹೊಣೆ? ಗುಳೇದಗುಡ್ಡದಲ್ಲಿ ಖಣ ನೇಯ್ದು ಕಣ್ಣು ಮಂಜಾದವಳಿಗೆ ಸಂಶಯದ ಲಾಭ ಯಾರು ಕೊಡುತ್ತಾರೆ? ಸಮವಸ್ತ್ರ ಹಾಕಿದವನ ನೋವಿಗಷ್ಟೇ ಈ ಉದಾರತೆ ಏಕೆ?

ಕಾಗದದ ಮೇಲೆ ಉತ್ತರವಿದೆ. 1923ರ ಪರಿಹಾರ ಕಾಯ್ದೆಯೇ ಕೆಲವು ವೃತ್ತಿಗಳಿಗೆ ಕೆಲವು ಕಾಯಿಲೆಗಳ ಪಟ್ಟಿ ಕೊಟ್ಟು, ಆ ಕೆಲಸ ಮಾಡಿದವನಿಗೆ ಆ ಕಾಯಿಲೆ ಬಂದರೆ ಅದು ಕೆಲಸದಿಂದಲೇ ಬಂತೆಂದು ತಿಳಿಯಬೇಕು ಎನ್ನುತ್ತಿತ್ತು. ಸಿಲಿಕಾ ದೂಳಿನಿಂದ ಬರುವ ಕಾಯಿಲೆ ಆ ಪಟ್ಟಿಯಲ್ಲಿತ್ತು. ಆದರೆ ಕ್ವಾರಿಯ ಕೂಲಿಗೆ ತಾನು ಅಲ್ಲಿ ದುಡಿದೆ ಎಂಬುದಕ್ಕೇ ಚೀಟಿ ಇರುವುದಿಲ್ಲ. ವಾರದ ಪಗಾರ ಕೈಗೆ ಬಂದದ್ದು, ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಸೈನಿಕನ ಪಾಡು ಕಡತ ಇದ್ದೂ ಅದು ಅವನ ಪರ ಮಾತಾಡದಿರುವುದು. ಕೂಲಿಯ ಪಾಡು ಕಡತವೇ ಇಲ್ಲದಿರುವುದು. ಈ ಅಸಮಾನತೆಯನ್ನು ಸರಿಪಡಿಸುವ ದಾರಿ ಸೈನಿಕನಿಂದ ಕಿತ್ತುಕೊಳ್ಳುವುದಲ್ಲ. ಸೈನಿಕನ ಪರವಾಗಿ ನಾವು ಕೊಟ್ಟ ಕಾರಣಗಳನ್ನು ಇನ್ನೊಮ್ಮೆ ನೋಡಿ: ದೇಹವನ್ನು ಆರಿಸಿಕೊಂಡವರು, ಅದನ್ನು ಆಳಿದವರು, ಅದರ ಲೆಕ್ಕ ಬರೆದವರು. ಇದರಲ್ಲಿ ಬಂದೂಕಿನ ಮಾತೇ ಇಲ್ಲ. ಈ ತರ್ಕ ಸರಿಯಾದರೆ ಅದು ಬ್ಯಾರಕ್ಕಿನಲ್ಲಿ ನಿಲ್ಲುವುದಿಲ್ಲ, ಕ್ವಾರಿಗೂ ಮಗ್ಗದ ಮನೆಗೂ ನಡೆಯುತ್ತದೆ. ಸೈನಿಕನಿಗೆ ಸಿಕ್ಕದ್ದು ವಿಶೇಷ ಸವಲತ್ತಲ್ಲ, ಎಲ್ಲ ದುಡಿಮೆಗಾರರಿಗೂ ಸಲ್ಲಬೇಕಾದುದರ ಮೊದಲ ಕಂತು.

ಕೊನೆಗೆ, ಹಣದ ಲೆಕ್ಕಕ್ಕೆ ಸಿಗದ ಒಂದು ನಷ್ಟವಿದೆ. ನೋವನ್ನು ವರ್ಷಗಟ್ಟಲೆ ಸಾಬೀತು ಮಾಡುತ್ತ ಹೋಗುವವನು ಆ ನೋವಿನ ವಕೀಲನಾಗಿಬಿಡುತ್ತಾನೆ. ಚೆನ್ನಾಗಿ ನಿದ್ದೆ ಬಂದ ದಿನವೂ ಅವನಿಗೆ ಅನುಮಾನ: ಇದು ನನ್ನ ಅರ್ಜಿಗೆ ವಿರುದ್ಧವಾಗುತ್ತದೆಯೇ? ಹಳೆಯ ಚೀಟಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ, ಅಲ್ಲಿಂದ ವಕೀಲರ ಮನೆಗೆ, ಅಲ್ಲಿಂದ ನ್ಯಾಯಮಂಡಳಿಗೆ ಅಲೆಯುತ್ತ ಹೋದಂತೆ ಕಾಯಿಲೆಯೇ ಅವನ ಗುರುತಾಗುತ್ತದೆ. ಸಶಸ್ತ್ರ ಪಡೆಗಳ ನ್ಯಾಯಮಂಡಳಿ 2009ರಿಂದ ಕೆಲಸ ಮಾಡುತ್ತಿದೆ. ಅಲ್ಲಿ ಗೆದ್ದವನ ಮೇಲೂ ಸರ್ಕಾರ ಮೇಲ್ಮನವಿ ಹೂಡುವುದುಂಟು. ಇಂಥ ಅನಗತ್ಯ ದಾವೆಗಳನ್ನು ತಗ್ಗಿಸುವ ಬಗೆ ಹೇಗೆಂದು ತಿಳಿಯಲು ರಕ್ಷಣಾ ಸಚಿವ ಮನೋಹರ ಪರ್ರಿಕರ್ 2015ರಲ್ಲಿ ತಜ್ಞರ ಸಮಿತಿಯನ್ನೇ ನೇಮಿಸಬೇಕಾಯಿತು. ಗುಣವಾಗುವುದಕ್ಕೆ ಬೇಕಾದದ್ದು ನೋವನ್ನು ಮರೆಯುವ ಅವಕಾಶ. ಗೆಲ್ಲುವುದಕ್ಕೆ ಬೇಕಾದದ್ದು ಅದನ್ನು ದಿನವೂ ನೆನೆಯುವ ಶಿಸ್ತು. ಎರಡನ್ನೂ ಒಬ್ಬನಿಂದಲೇ ಕೇಳುವ ವ್ಯವಸ್ಥೆ ಎರಡನೆಯ ಗಾಯ ಮಾಡುತ್ತದೆ, ಈ ಗಾಯ ಎಲ್ಲಿಂದ ಬಂತು ಎಂಬುದರಲ್ಲಿ ಯಾರಿಗೂ ಸಂಶಯ ಇರಬೇಕಾಗಿಲ್ಲ.

ಸಂಶಯವನ್ನು ಪೂರ್ತಿ ನೀಗಿಸುವ ವೈದ್ಯಶಾಸ್ತ್ರ ನಾಳೆಯೂ ಬರಲಿಕ್ಕಿಲ್ಲ. ಹಾಗಾಗಿ ಯಾರೋ ಒಬ್ಬರು ತಪ್ಪಿನ ಅಪಾಯ ಹೊರಲೇಬೇಕು. ಅರ್ಹನಲ್ಲದವನಿಗೆ ಅಷ್ಟಿಷ್ಟು ಹಣ ಹೋದರೆ ಆ ನಷ್ಟ ಕೋಟಿಗಟ್ಟಲೆ ಜನರ ನಡುವೆ ಹಂಚಿಹೋಗುತ್ತದೆ, ಯಾರಿಗೂ ಅಷ್ಟಾಗಿ ತಟ್ಟುವುದಿಲ್ಲ. ಅರ್ಹನಾದವನಿಗೆ ಇಲ್ಲವೆಂದರೆ ಆ ನಷ್ಟ ಇಡಿಯಾಗಿ ಒಂದು ಮನೆಯ ಮೇಲೆ ಬೀಳುತ್ತದೆ: ಮಾತ್ರೆಯ ಖರ್ಚಾಗಿ, ಮಗಳ ಕಾಲೇಜಿನ ಫೀಜಾಗಿ, ಮನೆಯವರ ಎದುರು ತಗ್ಗಿದ ತಲೆಯಾಗಿ. ಎರಡು ತಪ್ಪುಗಳಲ್ಲಿ ಯಾವುದನ್ನು ಮಾಡುವ ಧೈರ್ಯ ತೋರುತ್ತೇವೆ ಎಂಬುದರಲ್ಲಿ ಒಂದು ಸಮಾಜದ ನ್ಯಾಯಬುದ್ಧಿ ತಿಳಿಯುತ್ತದೆ. ಹಗುರವಾದ ತಪ್ಪನ್ನು ಹೊರಬಲ್ಲ ದೊಡ್ಡ ಹೆಗಲು ಇರುವಾಗ, ಭಾರವಾದದ್ದನ್ನು ಸಣ್ಣ ಹೆಗಲಿಗೆ ಏರಿಸಬಾರದು.